ಮಡಿಕೇರಿಗೆ ಓದಲು ಹೋಗುವ ಮಗಳಿಗೆ: ಇದ್ದು ಬಂದವರ ಮಾತು

ಕೇಳಿದ್ದು: ನಾವು ವಿಜಯಪುರದವರು. ಮಗಳು ಈ ಜೂನ್‌ನಲ್ಲಿ ಮಡಿಕೇರಿಯ ಕಾಲೇಜಿಗೆ ಸೇರುತ್ತಿದ್ದಾಳೆ. ಬಿಸಿಲಿನಲ್ಲಿ ಬೆಳೆದವಳು. ಮಳೆ, ಜಿಗಣೆ, ಆನೆ ಎಂದೆಲ್ಲ ಕೇಳಿ ಅವಳ ಅಜ್ಜಿಗೆ ದಿಗಿಲು. ಅಲ್ಲಿನ ಬದುಕು ಬಲ್ಲವರು ದಯವಿಟ್ಟು ತಿಳಿಸಿ.

ರಾಯಚೂರಿನಿಂದ ಹೋಗಿ ಅಲ್ಲಿ ಓದಿದವಳು:
ಚಳಿಗಿಂತ ತೇವವೇ ಹೆಚ್ಚು ಕಾಡುತ್ತದೆ. ಊರು ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಸ್ವೆಟರ್ ಹಾಕಿಕೊಂಡರೆ ಚಳಿ ತಡೆಯಬಹುದು. ಆದರೆ ಜುಲೈನಲ್ಲಿ ಒಗೆದ ಜೀನ್ಸ್ ಒಣಗುವುದೇ ಇಲ್ಲ. ಚರ್ಮದ ಬೆಲ್ಟಿನ ಮೇಲೆ ಬೂದುಬಣ್ಣದ ಬೂಷ್ಟು ಹತ್ತುತ್ತದೆ, ಪುಸ್ತಕದ ಹಾಳೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ. ಬೇಗ ಒಣಗುವ ತೆಳು ಬಟ್ಟೆ, ರಬ್ಬರ್ ಚಪ್ಪಲಿ, ಒಳ್ಳೆಯ ರೇನ್‌ಕೋಟ್ ಕೊಡಿಸಿ. ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಮರ ಬಿದ್ದರೆ ವಿದ್ಯುತ್ ಬೇಗ ಬರುವುದಿಲ್ಲ, ಹಾಗಾಗಿ ಟಾರ್ಚ್ ಇರಲಿ. ಕೊಡಗು ಜಿಲ್ಲೆಯಲ್ಲಿ ರೈಲು ಇಲ್ಲ. ಮೈಸೂರಿನಲ್ಲಿ ಇಳಿದು ಸುಮಾರು 120 ಕಿಲೋಮೀಟರ್ ಬಸ್ಸಿನಲ್ಲಿ ಹೋಗಬೇಕು.

ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟದವರು:
ಅಜ್ಜಿಗೆ ಹೇಳಿ, ಜಿಗಣೆ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದಿರುವುದರಿಂದ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೆ. ಜಗ್ಗಿ ಕೀಳಬಾರದು. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಕೆಳಗೆ ಜಾರಿಸಿದರೆ ಬಿಡುತ್ತದೆ.

ಆನೆಯ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಮಡಿಕೇರಿ ಪೇಟೆಯಲ್ಲಿ ಅದರ ಭಯವಿಲ್ಲ. ಆದರೆ ರಜೆಯಲ್ಲಿ ಗೆಳತಿಯರ ತೋಟದ ಮನೆಗೆ ಹೋಗುತ್ತಾಳಲ್ಲ, ಅಲ್ಲಿ ಮುಂಜಾನೆ ಮತ್ತು ಕತ್ತಲಾದ ಮೇಲೆ ಕಾಲ್ನಡಿಗೆ ಬೇಡವೇ ಬೇಡ. ಹಲಸು ಹಣ್ಣಾದಾಗ ಆನೆಗಳು ತೋಟಕ್ಕೆ ಇಳಿಯುತ್ತವೆ. ಕಾಫಿ ಗಿಡಗಳ ನಡುವೆ ನಿಂತ ಆನೆ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ, ಸದ್ದನ್ನೂ ಮಾಡುವುದಿಲ್ಲ. ದಾರಿಯಲ್ಲಿ ಹಸಿ ಲದ್ದಿ ಕಂಡರೆ ಫೋಟೊ ತೆಗೆಯುತ್ತ ನಿಲ್ಲದೆ ಬಂದ ದಾರಿಯಲ್ಲೇ ತಿರುಗಬೇಕು. ಮನೆಯವರು ‘ಇವತ್ತು ಬೇಡ’ ಎಂದರೆ ವಾದಿಸಬಾರದು.

ಇನ್ನೊಂದು: ಬಾಡಿಗೆಗೆ ಕೋಣೆ ಹಿಡಿಯುವುದಾದರೆ ಕಡಿದಾದ ಗುಡ್ಡ ಕೊರೆದು ಕಟ್ಟಿದ ಮನೆ ಬೇಡ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದದ್ದನ್ನು ನಾವಿನ್ನೂ ಮರೆತಿಲ್ಲ.

ಅಲ್ಲಿ ಪಾಠ ಮಾಡಿದವರು:
ಎಲ್ಲರೂ ಎಚ್ಚರಿಕೆಯನ್ನೇ ಹೇಳಿದರೆ ಹುಡುಗಿ ಕಿಟಕಿಯನ್ನೇ ತೆರೆಯುವುದಿಲ್ಲ! ಮಳೆಗಾಲದ ನಸುಕಿನಲ್ಲಿ ಯಾರೋ ಹುಡುಗ ರಾಗ ಮರೆತು ಸಿಳ್ಳೆ ಹಾಕಿದಂತೆ ಕೇಳಿದರೆ ಅದು ಮಲಬಾರ್ ಸಿಳ್ಳಾರ. ಮೈ ಕಪ್ಪೆನಿಸಿದರೂ ಬೆಳಕು ಬಿದ್ದಾಗ ಭುಜದ ಮೇಲೆ ಕಡುನೀಲಿ ಹೊಳೆಯುತ್ತದೆ. ದೀಪದ ಬಳಿ ಗೋಡೆಗೆ ಅಂಗೈಗಿಂತ ಅಗಲದ ಕಂದುಕೆಂಪು ಪತಂಗ ಕೂತಿದ್ದರೆ ಪೊರಕೆ ಎತ್ತಬೇಡಿ. ಅದು ಅಟ್ಲಾಸ್ ಪತಂಗ. ದೊಡ್ಡದಾದ ಮೇಲೆ ಅದು ಏನನ್ನೂ ತಿನ್ನುವುದಿಲ್ಲ. ಕಚ್ಚಲು ಬಾಯಿಯೇ ಇಲ್ಲ. ದೀಪ ಆರಿಸಿದರೆ ತಾನೇ ಹೋಗುತ್ತದೆ. ಕಣಿವೆ ಕಾಣುವ ಉದ್ಯಾನ ರಾಜಾಸೀಟಿಗೆ ವಾರಾಂತ್ಯದ ಜನಜಂಗುಳಿಯಲ್ಲಿ ಹೋಗದೆ ಮಂಗಳವಾರವೋ ಬುಧವಾರವೋ ಹೋಗಲಿ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಿದ್ದು ಒಂದು ವಾರ ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಆ ಬಿಳುಪು, ಮಲ್ಲಿಗೆಯಂಥ ಆ ಪರಿಮಳ ಇರುವುದು ಮೂರು ನಾಲ್ಕು ದಿನ ಮಾತ್ರ. ಅಜ್ಜಿಯನ್ನು ಕರೆತರುವುದಿದ್ದರೆ ಆಗಲೇ ಕರೆತನ್ನಿ.

ಮಡಿಕೇರಿಯ ಗೃಹಿಣಿ:
ಆಗಸ್ಟ್ ಮೊದಲ ವಾರ, ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಯಾರಾದರೂ ನೇರಳೆ ಬಣ್ಣದ ಮದ್ದುಸೊಪ್ಪಿನ ಪಾಯಸ ಕೊಟ್ಟರೆ ತಿನ್ನಲಿ. ಮರುದಿನ ಮೂತ್ರ ಕೆಂಪಗಾದರೆ ಗಾಬರಿಯಾಗುವುದು ಬೇಡ, ಅದು ಸೊಪ್ಪಿನ ಬಣ್ಣ. ದಸರೆಗೆ ಊರಿಗೆ ಬರುವುದಾದರೆ ವಿಜಯದಶಮಿ ಕಳೆದ ಮೇಲಿನ ಟಿಕೆಟ್ ತೆಗೆಸಿ. ಹತ್ತು ದೇವಸ್ಥಾನಗಳ ಮೆರವಣಿಗೆಯ ಮಂಟಪಗಳು ಅಂದು ರಾತ್ರಿಯಿಡೀ ಬೀದಿಯಲ್ಲಿರುತ್ತವೆ. ನಾಲ್ಕು ಜನ ಗೆಳತಿಯರ ಜೊತೆಗೂಡಿ ನೋಡಲು ಹೋಗಲಿ, ಸ್ವೆಟರ್ ಮರೆಯದಿರಲಿ.