ಕೂಸಿಗೆ ಆಕ್ಸಿಜನ್ ಹಚ್ಚ್ಯಾರ, ಇಲಿಮರಿ ಲಂಗ್ಸ್ ಕೆಟ್ಟಿದ್ದು ಓದಿ ಹೆದರಿಕಿ ಆಗೇತ್ರಿ

ಪ್ರಶ್ನೆ (ಗದಗ): ನಮಸ್ಕಾರ್ರಿ ಡಾಕ್ಟ್ರ, ಮನ್ಯಾಕಿಗೆ 28 ವಾರಕ್ಕ ಹೆರಿಗಿ ಆತು, ಹೆಣ್ಣು ಕೂಸು, 1 ಕೆಜಿ 50 ಗ್ರಾಂ, ಹುಬ್ಬಳ್ಳ್ಯಾಗ ಎನ್ಐಸಿಯುದಾಗ (ಹಸುಗೂಸುಗಳ ಐಸಿಯು) ಐತಿ, ಇವತ್ತಿಗೆ 11 ದಿನ, ಮೂಗಿಗೆ ಸಿಪ್ಯಾಪ್ (ಉಸಿರಾಡಾಕ ಗಾಳಿ ಒತ್ತಿ ಕೊಡೂ ಮಷೀನು) ಹಚ್ಚ್ಯಾರ. ರಾತ್ರಿ ಹೊರಗ ಬೆಂಚಿನ ಮ್ಯಾಲೆ ಕುಂತು ಮೊಬೈಲ್ ನೋಡೂಮುಂದ, ಆಗಷ್ಟ ಹುಟ್ಟಿದ ಇಲಿಮರಿಗೋಳಿಗೆ ಆಕ್ಸಿಜನ್ ಕೊಟ್ರ ಲಂಗ್ಸ್ ಕೆಡ್ತಾವ ಅಂತ ಓದಿದೆ, ಅವಾಗಿಂದ ನಿದ್ದಿ ಇಲ್ರಿ. ತಗೀರಿ ಅಂತ ಹೇಳ್ಲೇನು?

ಡಾಕ್ಟರ್ (ಧಾರವಾಡ): ತಗೀರಿ ಅಂತ ಮಾತ್ರ ಹೇಳಬ್ಯಾಡ್ರಿ ಅಣ್ಣಾರ. ನೀವು ಓದಿದ್ದು ಖರೇನ ಐತಿ, ಆದ್ರ ಅರ್ಧ ಐತಿ.

ಇಂಥಾ ಪ್ರಯೋಗಕ್ಕ ಇಲಿಮರೀನ ಯಾಕ ತಗೋತಾರ ಅಂದ್ರ, ಅದು ದಿನ ತುಂಬಿ ಹುಟ್ಟಿದ್ರೂ ಅದರ ಲಂಗ್ಸ್ ನಮ್ಮ 26-28 ವಾರದ ಕೂಸಿನಷ್ಟ ಬೆಳದಿರ್ತೈತಿ, ಸಣ್ಣ ಗಾಳಿಚೀಲ ಆಗೂದು ಹುಟ್ಟಿ ನಾಕು ದಿನದ ಮ್ಯಾಲೆ ಚಾಲೂ. ಆ ಹೊತ್ತಿನ್ಯಾಗ ಮರಿಗೋಳನ್ನ ಪೆಟ್ಟಿಗ್ಯಾಗ ಇಟ್ಟು 85 ಪರ್ಸೆಂಟ್ ಆಕ್ಸಿಜನ್ ಹಗಲೂ ರಾತ್ರಿ, ಎಷ್ಟೋ ಸಲ ಎರಡು ವಾರದ ತನಕ ಬಿಡ್ತಾರ. ತಾಯಿ ಇಲಿ ಅಷ್ಟು ತಡಕೊಳ್ಳೂದಿಲ್ಲ, ಅದಕ್ಕ ಎರಡು ತಾಯಿ ಇಟ್ಕೊಂಡು 24 ತಾಸಿಗೊಮ್ಮೆ ಒಂದನ್ನ ಹೊರಗ ತಗದು ಇನ್ನೊಂದನ್ನ ಹಾಲು ಕುಡಸಾಕ ಒಳಗ ಬಿಡ್ತಾರ. ನಾ ಓದೂಮುಂದ ಆ ಮರಿಗೋಳ ಲಂಗ್ಸಿನ ಸ್ಲೈಡ್ ಮೈಕ್ರೋಸ್ಕೋಪಿನ್ಯಾಗ ನೋಡೇನಿ, ಸಾದಾ ಗಾಳ್ಯಾಗ ಬೆಳದದ್ದು ಜೇನಹುಟ್ಟಿನಂಗ ಸಣ್ಣ ಸಣ್ಣ ಮನಿ, ಆಕ್ಸಿಜನ್‌ದಾಗ ಬೆಳದದ್ದು ನಡುವ ಗ್ವಾಡಿನ ಎದ್ದಿಲ್ಲದ ಪಡಸಾಲಿ. ದಿನ ತುಂಬದ ಕೂಸುಗಳಿಗೆ ಬರೋ ಬಿಪಿಡಿ ಅನ್ನೋ ಜಡ್ಡಿನ್ಯಾಗೂ ಲಂಗ್ಸ್ ಹಿಂಗ ಕಾಣ್ತಾವ.

ಆದ್ರ ಆ ಮರಿ 21 ಪರ್ಸೆಂಟ್ ಸಾದಾ ಗಾಳ್ಯಾಗ ಆರಾಮ ಉಸಿರಾಡೂ ಮರಿ, ಅದಕ್ಕ ಬ್ಯಾಡಾದ ಆಕ್ಸಿಜನ್ ಕೊಡೂದು. ನಿಮ್ಮ ಕೂಸಿಗೆ ಬೇಕಾದಷ್ಟ. ಕಾಲಿಗೆ ಕೆಂಪು ಲೈಟಿನ ಪಟ್ಟಿ ಕಟ್ಟ್ಯಾರಲ್ಲ, ಅದು ರಕ್ತದಾಗಿನ ಆಕ್ಸಿಜನ್ ತೋರಸ್ತೈತಿ, ಅದರ ನಂಬರ್ 90ರಿಂದ 95ರ ನಡುವ ಇಡಾಕ ಸಿಸ್ಟರ್ ಗಾಳಿ-ಆಕ್ಸಿಜನ್ ಬೆರಸೂ ಬ್ಲೆಂಡರ್ ತಿರುವಿ ಆಕ್ಸಿಜನ್ ಹೆಚ್ಚು ಕಮ್ಮಿ ಮಾಡ್ತಿರ್ತಾರ. ಆಕ್ಸಿಜನ್ ಮ್ಯಾಲೆ ಇರೂಮುಂದ ನಂಬರ್ 99, 100 ಕಂಡ್ರ ಖುಷಿ ಪಡಬ್ಯಾಡ್ರಿ, ಹೆಚ್ಚಾದ್ರ ಕಣ್ಣಿಗೂ ಧೋಕಾ, ಭಾಳ ಕಮ್ಮಿ ಆದ್ರ ಜೀವಕ್ಕ ಧೋಕಾ.

ಇನ್ನೊಬ್ಬರು (ರಾಣೆಬೆನ್ನೂರು): ನಾವು ಕುರಿ ಸಾಕಾವ್ರು, ಇಂಥಾದ್ದು ಬರೇ ಇಲಿ ಮ್ಯಾಲೆ ಅಷ್ಟ ಮಾಡ್ತಾರೇನ್ರಿ?

ಡಾಕ್ಟರ್: ಇಲ್ರಿ, ಕುರಿಮರಿ ಉಪಕಾರ ಭಾಳ ದೊಡ್ಡದೈತಿ. ದಿನ ತುಂಬದ ಕುರಿಮರಿಗೆ ಕೂಸಿನಂಗ ವೆಂಟಿಲೇಟರ್ ಹಚ್ಚಿ ವಾರಗಟ್ಟಲೆ ನೋಡಬಹುದು, ಇಲಿಮರಿಗೆ ಅದು ಕಷ್ಟ. ನ್ಯೂಜಿಲೆಂಡಿನ ಲಿಗಿನ್ಸ್ ಅನ್ನಾವ್ರು ಹೊಟ್ಟ್ಯಾಗಿನ ಕುರಿಮರಿಗೆ ಸ್ಟೀರಾಯ್ಡ್ ಕೊಟ್ರು, ಹಂಗ ಮಾಡಿದ ಮರಿ ದಿನ ತುಂಬದ ಹುಟ್ಟಿದ್ರೂ ಲಂಗ್ಸ್ ಅರಳಿದ್ದು ಕಂಡು 1969ರಾಗ ಬರದ್ರು, 1972ರಾಗ ಅವ್ರು ಹೋವಿ ಅನ್ನಾವ್ರ ಜೋಡಿ ಬಸರಿ ಹೆಣ್ಮಕ್ಕಳಾಗ ನೋಡಿದ್ದನ್ನ ಬರದ್ರು. ಗದಗಿನ ಅಣ್ಣಾರ, ನಿಮ್ಮ ಮನ್ಯಾವ್ರಿಗೆ ಹೆರಿಗಿ ಮುಂಚೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ರೇನು? ಅದು ಅಲ್ಲಿಂದ ಬಂದದ್ದ ನೋಡ್ರಿ.

ಪ್ರಶ್ನೆ ಕೇಳಿದವರು: ಹೌದ್ರಿ, ನಾಕು ಸಲ ಕೊಟ್ಟಿದ್ರು! ಹಂಗಾರ ನಾಳೆ ರೌಂಡ್ಸಿನ್ಯಾಗ ಏನು ಕೇಳ್ಲಿ?

ಡಾಕ್ಟರ್: "ಇವತ್ತು ಎಷ್ಟು ಪರ್ಸೆಂಟ್ ಆಕ್ಸಿಜನ್ ಮ್ಯಾಲೆ ಅದಾಳ್ರಿ, ನಿನ್ನೆ ಎಷ್ಟಿತ್ತು" ಅಂತ ಕೇಳ್ರಿ, ಆಮ್ಯಾಲೆ ಕಣ್ಣಿನ ತಪಾಸಣಿ ಯಾವಾಗ ಅನ್ನೂದೂ. ಅವ್ವನ ಎದಿ ಮ್ಯಾಲೆ ಹಾಕ್ಕೊಳ್ಳಾಕ ಕೊಡ್ತಾರೇನು ಅದನ್ನೂ ಕೇಳ್ರಿ, ಸಿಪ್ಯಾಪ್ ಇದ್ರೂ ಭಾಳ ಕಡೆ ಕೊಡ್ತಾರ.

ಪ್ರಶ್ನೆ ಕೇಳಿದವರು: ಕೇಳಿದೆ ಡಾಕ್ಟ್ರ. ನಿನ್ನೆ 30 ಇತ್ತಂತ, ಇವತ್ತು 26.