ಮನೆಯಲ್ಲೇ ಕುದುರೆಯ ತೂಕ ಅಂದಾಜಿಸುವುದು ಹೇಗೆ?

ತಾಳವಾಡಿ ಬೇಸಾಯಗಾರ:
ಎಲ್ಲರಿಗೂ ನಮಸ್ಕಾರ. ಕಳೆದ ಆಡಿ ತಿಂಗಳಿನಲ್ಲಿ ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆಯಿಂದ ಆರು ವರ್ಷದ ಹೆಣ್ಣು ಕುದುರೆಯೊಂದನ್ನು ತಂದೆ. ಮಾರಿದವರು ನಾಲ್ಕು ಕ್ವಿಂಟಾಲಿಗೆ ಕಡಿಮೆಯಿಲ್ಲ ಎಂದಿದ್ದರು, ನಾನು ಅದೇ ಲೆಕ್ಕದಲ್ಲಿ ಮೇವು ಹಾಕುತ್ತ ಬಂದೆ. ಈಗ ಜಂತುಹುಳುವಿನ ಔಷಧ ಕೊಡಿಸಲು ಹೋದಾಗ ಪಶುವೈದ್ಯರು ತೂಕ ಕೇಳಿದರು, ನನ್ನ ಉತ್ತರ ಕೇಳಿ ಕುದುರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಹೊಟ್ಟೆಯೇನೋ ದುಂಡಗಿದೆ, ಆದರೆ ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆ ತಾಕುತ್ತದೆ. ಅಳೆಯಲು ದರ್ಜಿಯ ಟೇಪು ಹಿಡಿದರೆ ಅದು 150 ಸೆಂ.ಮೀ.ಗೇ ಮುಗಿದು ಎದೆಯ ಸುತ್ತ ಕೂಡುವುದೇ ಇಲ್ಲ. ತೂಕ ಹಾಕಿಸುವುದಕ್ಕೆಂದೇ ಲಾರಿ ಹತ್ತಿಸಿ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಸುವ ಮನಸ್ಸೂ ನನಗಿಲ್ಲ. ಮನೆಯಲ್ಲೇ ನಂಬಬಹುದಾದ ದಾರಿ ಇದ್ದರೆ ತಿಳಿಸಿ.

ಹೊಸೂರು ಲಾಯ:
ಟೇಪು ಸಾಲದಿದ್ದರೆ ಹಿಗ್ಗದ ನೈಲಾನ್ ಪಟ್ಟಿಯೊಂದನ್ನು ಸುತ್ತಿ, ಕೂಡಿದಲ್ಲಿ ಪೆನ್ನಿನಿಂದ ಗುರುತು ಹಾಕಿ, ಆಮೇಲೆ ಅದನ್ನು ನೆಲದ ಮೇಲೆ ಚಾಚಿ ಗಾರೆ ಕೆಲಸದವರ ಸ್ಟೀಲ್ ಟೇಪಿನಿಂದ ಅಳೆಯಿರಿ. ಹತ್ತಿಯ ಹಗ್ಗ ಬೇಡ, ಎಳೆದಷ್ಟೂ ಹಿಗ್ಗುತ್ತದೆ. ಬೇಕಾದ ಅಳತೆಗಳು ಎರಡೇ. ಮೊದಲನೆಯದು ಎದೆಯ ಸುತ್ತಳತೆ: ಹೆಗಲಿನ ಉಬ್ಬಿನ ಹಿಂದಿನಿಂದ ಇಳಿದು, ಮುಂಗಾಲಿನ ಮೊಣಕೈಗೆ ತಾಗಿದಂತೆ ಹಿಂಬದಿಯಲ್ಲಿ, ಜೀನಿನ ಪಟ್ಟಿ ಬಿಗಿಯುವ ಜಾಗದಲ್ಲಿ ಸುತ್ತಿಬರಬೇಕು. ಎರಡನೆಯದು ಉದ್ದ: ಮುಂದೆ ಎದೆಯ ಪಕ್ಕ ಉಬ್ಬಿದ ಭುಜದ ಮೂಳೆಯಿಂದ ಹಿಂದೆ ಪೃಷ್ಠದ ಮೂಳೆಯ ತುದಿಯವರೆಗೆ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋಗ್ರಾಂ ಲೆಕ್ಕದಲ್ಲಿ ಅಂದಾಜು ತೂಕ ಸಿಗುತ್ತದೆ. ಅಳತೆಗಳು ಸೆಂಟಿಮೀಟರಿನಲ್ಲಿರಬೇಕು. ಇದು ಬೆಳೆದ ಕುದುರೆಗಳ ಸೂತ್ರ, ಮರಿಗಳಿಗೆ ಹೊಂದುವುದಿಲ್ಲ.

ಸುತ್ತಳತೆ ಎರಡು ಸಲ ಗುಣಿಸಲ್ಪಡುವುದರಿಂದ ಅಲ್ಲಿಯ ತಪ್ಪು ದೊಡ್ಡದಾಗುತ್ತದೆ. ನಿಮ್ಮದಿರಬಹುದಾದ ಗಾತ್ರದ ಕುದುರೆಯಲ್ಲಿ ಉದ್ದ 2 ಸೆಂ.ಮೀ. ತಪ್ಪಿದರೆ 4 ಕೆ.ಜಿ. ಏರುಪೇರಾದರೆ, ಸುತ್ತಳತೆ ಅಷ್ಟೇ ತಪ್ಪಿದರೂ 8 ಕೆ.ಜಿ. ಹೋಗುತ್ತದೆ. ಆದ್ದರಿಂದ ಕುದುರೆಯನ್ನು ಸಮನೆಲದಲ್ಲಿ ನಾಲ್ಕೂ ಕಾಲಿನ ಮೇಲೆ ನೇರವಾಗಿ ನಿಲ್ಲಿಸಿ, ಉಸಿರು ಹೊರಬಿಟ್ಟಾಗ ಪಟ್ಟಿಯನ್ನು ಹಿಡಿದು, ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ನನ್ನ ಲಾಯದಲ್ಲಿ ಮೊದಮೊದಲು ನಾನೊಮ್ಮೆ, ಮಗನೊಮ್ಮೆ ಅಳೆದು, ಕುದುರೆ ಒಂದೇ ವಾರದಲ್ಲಿ 15 ಕೆ.ಜಿ. ಇಳಿಯಿತೆಂದು ಸುಮ್ಮನೆ ಗಾಬರಿಯಾಗಿದ್ದೆವು. ಹದಿನೈದು ದಿನಕ್ಕೊಮ್ಮೆ, ಒಬ್ಬರೇ, ಅದೇ ಪಟ್ಟಿಯಿಂದ, ಬೆಳಗಿನ ಮೇವಿಗೆ ಮೊದಲು ಅಳೆಯುವುದೊಳ್ಳೆಯದು.

ಅಕ್ಕಲಕೋಟೆಯವ:
ನಮ್ಮಲ್ಲಿ ಮದುವೆ ಮೆರವಣಿಗೆಯ ಕುದುರೆಗಳಿವೆ, ನಾವು ವೇಬ್ರಿಜ್ಜಿಗೂ ಹೋಗುತ್ತೇವೆ. ಗಾಡಿಯನ್ನು ಕುದುರೆಯೊಡನೆ ಒಮ್ಮೆ, ಇಳಿಸಿ ಒಮ್ಮೆ ತೂಗಿಸಿ ಕಳೆಯುವುದಷ್ಟೆ. ಆದರೆ ಲಾರಿ ತೂಗುವ ಆ ಕಾಟಾ 10 ಕೆ.ಜಿ.ಯ ಹೆಜ್ಜೆಯಲ್ಲಿ ತೋರಿಸುವಂಥದ್ದಾದರೆ ತಿಂಗಳ ಏರಿಳಿತ ಅದರಲ್ಲಿ ಕಾಣುವುದಿಲ್ಲ; ವರ್ಷಕ್ಕೊಮ್ಮೆ ಪಟ್ಟಿಯ ಲೆಕ್ಕವನ್ನು ತಾಳೆ ನೋಡಲು ಸಾಕು.

ನನಗೆ ಸಂಖ್ಯೆಗಿಂತ ಕೈಯ ಮೇಲೆ ನಂಬಿಕೆ ಹೆಚ್ಚು. ಅಮೆರಿಕದ ಹೆನ್ನೆಕೆಯವರು 1983ರಲ್ಲಿ ಪ್ರಕಟಿಸಿದ, ಕುದುರೆಯ ಮೈಕಟ್ಟಿಗೆ 1ರಿಂದ (ತೀರಾ ಬಡಕಲು) 9ರವರೆಗೆ (ತೀರಾ ಕೊಬ್ಬಿದ್ದು) ಅಂಕ ಕೊಡುವ ಪಟ್ಟಿಯೂ ಕೈಯ ಲೆಕ್ಕವೇ: ಕತ್ತು, ಹೆಗಲುಬ್ಬು, ಭುಜದ ಹಿಂಬದಿ, ಪಕ್ಕೆಲುಬು, ಸೊಂಟ, ಬಾಲದ ಬುಡ, ಈ ಆರು ಕಡೆ ಕೊಬ್ಬನ್ನು ಮುಟ್ಟಿ ನೋಡುತ್ತಾರೆ. ಪಕ್ಕೆಲುಬು ಕಣ್ಣಿಗೆ ಕಾಣದೆ, ಹಗುರಾಗಿ ಒತ್ತಿದರೆ ಬೆರಳಿಗೆ ಸಿಕ್ಕಿದರೆ ಸುಮಾರು 5. ಚಳಿಗಾಲದಲ್ಲಿ ಕೂದಲು ಬೆಳೆದಾಗ ಕಣ್ಣು ಮೋಸಹೋಗುತ್ತದೆ, ಕೈ ಹೋಗುವುದಿಲ್ಲ. ಹೊಟ್ಟೆಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ, ಸತ್ವವಿಲ್ಲದ ಒಣಹುಲ್ಲು ತಿಂದ ಕುದುರೆಗೂ, ಹುಳುವಿರುವ ಕುದುರೆಗೂ ಹೊಟ್ಟೆ ಬರುತ್ತದೆ.

ತಾಳವಾಡಿ ಬೇಸಾಯಗಾರ:
ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಅಳೆದೆ. ಸುತ್ತಳತೆ 156, ಉದ್ದ 148. ಲೆಕ್ಕ ಹಾಕಿದರೆ 303 ಕೆ.ಜಿ. ಬಂತು. ನೂರು ಕಿಲೋ ಹೆಚ್ಚು ನಂಬಿದ್ದೆ! ಹಾಗಾದರೆ ಮೇವನ್ನು ಕಡಿಮೆ ಮಾಡಬೇಕೇ? ಒಣ ಹುಲ್ಲು ಮತ್ತು ಧಾನ್ಯ ಸೇರಿ ದಿನಕ್ಕೆ ಎಂಟು ಕಿಲೋ ಆಗುತ್ತಿತ್ತು.

ಹೊಸೂರು ಲಾಯ:
ಬೇಡ, ಅವಸರ ಪಡಬೇಡಿ. ಒಣ ಲೆಕ್ಕದಲ್ಲಿ ದೇಹತೂಕದ ಶೇ. 2ರಷ್ಟು, ಅಂದರೆ ಸುಮಾರು ಆರು ಕಿಲೋ ಸಾಕಾಗಬೇಕಾದ ಪ್ರಾಣಿ ಎಂಟು ಕಿಲೋ ತಿಂದೂ ಬೆನ್ನುಮೂಳೆ ತೋರಿಸುತ್ತಿದ್ದರೆ, ತಿಂದದ್ದು ಮೈಗೆ ಹತ್ತುತ್ತಿಲ್ಲ. ಲದ್ದಿಯನ್ನು ಕೋಲಿನಿಂದ ಬಿಡಿಸಿ ನೋಡಿ. ಹುರುಳಿ ಇಡಿಯಾಗಿ ಬರುತ್ತಿದ್ದರೆ, ಉದ್ದನೆಯ ಹುಲ್ಲಿನ ಎಳೆಗಳಿದ್ದರೆ, ದವಡೆ ಹಲ್ಲಿನ ಅಂಚು ಚೂಪಾಗಿ ಜಗಿಯಲಾಗುತ್ತಿಲ್ಲವೇನೋ, ತೋರಿಸಿ. ಔಷಧಕ್ಕೆ ಮಾತ್ರ ಈ ತೂಕವನ್ನೇ ವೈದ್ಯರಿಗೆ ಹೇಳಿ: ಐವರ್ಮೆಕ್ಟಿನ್ ಆದರೆ ಕಿಲೋಗೆ 0.2 ಮಿಲಿಗ್ರಾಂ, ಅಂದರೆ ಸುಮಾರು 61 ಮಿಲಿಗ್ರಾಂ. ಅಳತೆಗಿಂತ ಕಡಿಮೆ ಕೊಟ್ಟರೆ ಉಳಿದ ಹುಳುಗಳು ಔಷಧಕ್ಕೆ ಒಗ್ಗಿಕೊಳ್ಳುತ್ತವೆ.

ಅಕ್ಕಲಕೋಟೆಯವ:
ಇನ್ನೊಂದು ಮಾತು ಬಿಟ್ಟುಹೋಯಿತು. ಜಾತ್ರೆಯಲ್ಲಿ ಕೊಂಡ ಆರು ವರ್ಷದ ಹೆಣ್ಣು, ದುಂಡು ಹೊಟ್ಟೆ, ಬೆನ್ನಲ್ಲಿ ಮೂಳೆ ಎನ್ನುತ್ತೀರಿ. ಗಬ್ಬವಾಗಿದ್ದಾಳೆಯೇ ಎಂದು ಕೇಳಿದ್ದಿರಾ? ಕುದುರೆ ಹನ್ನೊಂದು ತಿಂಗಳು ಹೊರುತ್ತದೆ. ಗಬ್ಬವಿದ್ದರೆ ಪಟ್ಟಿಯ ಸೂತ್ರಕ್ಕೆ ಹೊಟ್ಟೆಯ ಭಾರ ಸಿಗುವುದಿಲ್ಲ, ಔಷಧದ ಆಯ್ಕೆಯೂ ಬೇರೆಯಾಗಬಹುದು.

ತಾಳವಾಡಿ ಬೇಸಾಯಗಾರ:
ಕೇಳಿರಲಿಲ್ಲ. ಮಾರಿದವರೂ ಹೇಳಲಿಲ್ಲ. ನಾಳೆ ವೈದ್ಯರು ಮನೆಗೇ ಬರುತ್ತಾರೆ, ಅವರು ಪರೀಕ್ಷಿಸುವವರೆಗೂ ಔಷಧವನ್ನು ತಡೆಹಿಡಿದಿದ್ದೇನೆ. ಲದ್ದಿಯಲ್ಲಿ ಹುರುಳಿ ಇಡಿಯಾಗಿಯೇ ಇತ್ತು.