ಅಪ್‌ಡೇಟ್: ಜೌಗು ಆರ್ಕಿಡ್ ಚೇತರಿಸಿಕೊಂಡಿತು

ಇಂಗ್ಲೆಂಡಿನ ನಮ್ಮ ಹಿತ್ತಲಿನಲ್ಲಿ ಎಪಿಪ್ಯಾಕ್ಟಿಸ್ ಪಲುಸ್ಟ್ರಿಸ್ ಎಂಬ ಜೌಗು ಆರ್ಕಿಡ್ ಗಿಡದ ಎಲೆಗಳು ಹಳದಿಯಾಗುತ್ತಿವೆ ಎಂದು ಕೇಳಿದ್ದೆನಲ್ಲ, ಈಗ ಹೊಸ ಎಲೆಗಳು ಹಸಿರಾಗಿಯೇ ಬರುತ್ತಿವೆ, ಹೂವೂ ಅರಳಿದೆ! ಫಲ ಕೊಟ್ಟದ್ದು ಮಣ್ಣಿಗೆ ಸುಣ್ಣಕಲ್ಲಿನ ಚೂರು ಬೆರೆಸುವ ಸಲಹೆ. ಹೇಳಿದವರಿಗೆ ಮನಸಾರೆ ಧನ್ಯವಾದ. ಈ ಜಾತಿ ಸಹಜವಾಗಿ ಬೆಳೆಯುವುದೇ ಸುಣ್ಣದಂಶವಿರುವ ಜೌಗಿನಲ್ಲಿ, ಕಡಲತೀರದ ಮರಳುದಿಬ್ಬಗಳ ನಡುವಿನ ತೇವದ ತಗ್ಗುಗಳಲ್ಲಿ. ನಾನು ನೆಟ್ಟಿದ್ದ ಬರೀ ಪೀಟ್‌ನ (ಜೌಗಿನಲ್ಲಿ ಅರೆಕೊಳೆತ ಸಸ್ಯಗಳಿಂದಾದ ಮಣ್ಣಿನ) ಆಮ್ಲೀಯತೆ ಅದಕ್ಕೆ ಒಗ್ಗಲಿಲ್ಲ. ದ್ರವಗೊಬ್ಬರದಿಂದ ಎಲೆಯಂಚು ಕಂದಿತೇ ಹೊರತು ಪ್ರಯೋಜನವಾಗಲಿಲ್ಲ. ನೆರಳಿಗೆ ಸರಿಸಿದ್ದೂ ವ್ಯರ್ಥ.

ಹೂವಿನ ಸೊಗಸನ್ನು ಹೇಳಲೇಬೇಕು. ಸುಕ್ಕಂಚಿನ ಬಿಳಿ ತುಟಿಯನ್ನು (ಕೆಳಗಿನ ದಳವನ್ನು) ಕಡ್ಡಿಯಿಂದ ಮುಟ್ಟಿದರೆ ಕದದ ಕೀಲಿನಂತೆ ಬಾಗಿ ಮತ್ತೆ ಮೇಲೇಳುತ್ತದೆ. ಇದನ್ನು ಡಾರ್ವಿನ್ 1862ರಲ್ಲೇ ವಿವರಿಸಿದ್ದರು. ಚಳಿಗಾಲದಲ್ಲಿ ಮೇಲಿನ ಭಾಗ ಪೂರ್ತಿ ಒಣಗುತ್ತದೆ. ಸತ್ತಿತೆಂದು ಕಿತ್ತೆಸೆಯಬೇಡಿ, ಮಣ್ಣಿನೊಳಗೆ ಬೇರುಕಾಂಡ ಜೀವಂತವಾಗಿರುತ್ತದೆ.